ಒಳಬಾಗಿಲಿಗೆ ಮಾತ್ರ ಉತ್ತರ

ಬಂಟ್ವಾಳ
೮ ಅಕ್ಟೋಬರ್ ೨೦೦೧

ಪುಂಜಾಲಕಟ್ಟೆಯ ದಿನಸಿ ವ್ಯಾಪಾರಿ ಅಬ್ದುಲ್ ಶುಕೂರ್ ಅವರಿಗೆ,

ಅಸ್ಸಲಾಮು ಅಲೈಕುಂ.

ನೀವು ನನ್ನನ್ನು ಕಂಡಿರಲಿಕ್ಕಿಲ್ಲ, ಹೆಸರು ಕೇಳಿರುತ್ತೀರಿ. ನಾನು ಬಂಟ್ವಾಳ ಪೇಟೆಯ ಮರದ ಡಿಪೋದ ಮೈಮೂನಮ್ಮ. ಯಜಮಾನರು ತೀರಿಕೊಂಡ ಮೇಲೆ ಈ ಡಿಪೋವನ್ನೂ ಮೂಡುಬಿದಿರೆಯ ಡಿಪೋವನ್ನೂ ನಡೆಸಿದವಳು ನಾನು. ನಮ್ಮ ಬೀದಿಯ ಮುಸ್ಲಿಂ ಹೆಣ್ಣುಮಕ್ಕಳಲ್ಲಿ ಹತ್ತನೇ ತರಗತಿ ಪಾಸಾದವಳೂ ನಾನೇ ಮೊದಲು. ನನ್ನ ಮಾತು ನಂಬಿ ಜನ ಮರ ಕೊಟ್ಟಿದ್ದಾರೆ, ಮನೆಯ ಹೆಣ್ಣುಮಕ್ಕಳನ್ನೂ ಕಳಿಸಿದ್ದಾರೆ.

ಮಡಂತ್ಯಾರಿನ ಕಟ್ಟಡ ನನ್ನದು. ರಸ್ತೆಯ ಕಡೆ ಗಂಡಸರ ಸೈಬರ್ ಹಾಲ್. ಹಿಂದೆ, ಓಣಿಯ ಬಾಗಿಲಿನಿಂದ ಹೋಗುವ ಕೋಣೆಯಲ್ಲಿ ಹೆಣ್ಣುಮಕ್ಕಳ ಕಂಪ್ಯೂಟರ್ ಕ್ಲಾಸು. ನಡುವೆ ಗೋಡೆಯುಂಟು, ಬಾಗಿಲಿಲ್ಲ. ನಿಮ್ಮ ಮಗಳು ಸಜ್ನಾಳನ್ನು ಕಳಿಸುವಾಗ ನೀವು ಕೇಳಿದ್ದು ಒಂದೇ ಪ್ರಶ್ನೆಯಂತೆ: ಅವಳು ಎಷ್ಟು ಹೊತ್ತಿಗೆ ಬಂದಳು, ಎಷ್ಟು ಹೊತ್ತಿಗೆ ಹೋದಳು ಎಂದು ನಮಗೆ ಗೊತ್ತಾಗುವುದು ಹೇಗೆ? ಯಂತ್ರವೇ ಹೇಳುತ್ತದೆ, ಫೋನ್ ಮಾಡಿ ಕೇಳಿ ಎಂದು ನನ್ನ ಮೊಮ್ಮಗಳು ಉತ್ತರ ಕೊಟ್ಟಳು. ಆ ಉತ್ತರದ ಹಿಂದೆ ಇದ್ದದ್ದು ನನ್ನ ಮಾತು.

ಈಗ ನೀವು ಮಗಳನ್ನು ಬಿಡಿಸಿದ್ದೀರಿ. ಮೈಮೂನಮ್ಮನ ಕಟ್ಟಡದಲ್ಲಿ ಹುಡುಗ ಹುಡುಗಿಯರು ಗೋಡೆಯಾಚೆಯಿಂದ ಮಾತಾಡುತ್ತಾರೆ ಎಂದು ನಿಮ್ಮ ಅಂಗಡಿಯ ಕಟ್ಟೆಯಲ್ಲಿ ಮಾತು ನಡೆಯುತ್ತಿದೆ. ಮೊದಲು ಬೇಡವೆಂದಿದ್ದ ಸಂಬಂಧಕ್ಕೇ ಈಗ ಹುಡುಗಿಯನ್ನು ಕೊಡಲು ಹೊರಟಿದ್ದೀರೆಂದೂ ಕೇಳಿದೆ.

ಏನು ನಡೆದಿದೆ ಎಂದು ನಾನು ವಿಚಾರಿಸುತ್ತೇನೆ. ರಂಜಾನ್ ಹಬ್ಬ ಕಳೆಯುವವರೆಗೆ ಯಾರಿಗೂ ಮಾತು ಕೊಡಬೇಡಿ. ಇದು ವಿನಂತಿ. ನಾನು ವಿನಂತಿ ಮಾಡುವುದು ಅಪರೂಪ.

ಮೈಮೂನಮ್ಮ


ಬಂಟ್ವಾಳ
೯ ಅಕ್ಟೋಬರ್ ೨೦೦೧

ಶಿಫಾನಾ,

ಫೋನ್ ಮಾಡಬೇಡ. ಫೋನ್ ಇರುವುದು ಹಾಲ್‌ನಲ್ಲಿ, ಉನೈಸ್‌ನ ಮೇಜಿನ ಮೇಲೆ. ನೀನು ಒಂದು ಹೇಳಿದರೆ ಅಲ್ಲಿ ಕುಳಿತವರೆಲ್ಲ ಹತ್ತು ಕೇಳುತ್ತಾರೆ. ಕಾಗದ ಬರೆ.

ಆ ಕೋಣೆಯನ್ನು ನಿನ್ನ ಕೈಗೆ ಕೊಟ್ಟಾಗ ನಿನ್ನ ಉಮ್ಮ ಹೆದರಿದ್ದಳು. ಇಪ್ಪತ್ತೆರಡು ವರ್ಷದ ಹುಡುಗಿ ಅಷ್ಟು ಹೆಣ್ಣುಮಕ್ಕಳ ಜವಾಬ್ದಾರಿ ಹೊರುವುದೆಂದರೆ ಏನು ಎಂದಳು. ನನ್ನ ಮಗಳ ಮಗಳು ಹೊರುತ್ತಾಳೆ ಎಂದೆ. ಮೂಡುಬಿದಿರೆಯ ಕಾಲೇಜಿನಲ್ಲಿ ಓದಿಸಿದ್ದು ಅದಕ್ಕೇ ಎಂದೆ. ಹಾಲ್ ನೋಡಿಕೊಳ್ಳಲು ನನ್ನ ಮಗ ನಾಸಿರ್‌ನ ಮಗ ಉನೈಸ್ ಇದ್ದಾನೆ, ಅಣ್ಣ ತಂಗಿಯರ ಹಾಗೆ ನಡೆಸಿಕೊಂಡು ಹೋಗಲಿ ಎಂದೆ.

ಶುಕೂರ್‌ನ ಮಗಳ ಕಂಪ್ಯೂಟರಿನಲ್ಲಿ ಯಾರೋ ಗಂಡಸು ಹೇಗೆ ಮಾತಾಡಿದ? ಅವಳು ಏನು ಉತ್ತರ ಕೊಟ್ಟಳು? ನಿನಗೆ ಯಾವಾಗ ಗೊತ್ತಾಯಿತು, ಗೊತ್ತಾದಾಗ ನನಗೇಕೆ ಹೇಳಲಿಲ್ಲ? ನನಗೆ ಅರ್ಥವಾಗುವ ಕನ್ನಡದಲ್ಲಿ ಬರೆ. ನಿನ್ನ ಉತ್ತರ ಬರುವವರೆಗೆ ಆ ಯಂತ್ರ ಬಂದ್ ಆಗಿರಲಿ.

ನಿನ್ನ ಅಜ್ಜಿ


ಮಡಂತ್ಯಾರು
೧೩ ಅಕ್ಟೋಬರ್ ೨೦೦೧

ಪ್ರೀತಿಯ ಅಜ್ಜಿಗೆ ಸಲಾಂ.

ಯಂತ್ರ ಬಂದ್ ಮಾಡಿದ್ದೇನೆ. ಹುಡುಗಿಯರು ಬಂದು ವಾಪಸು ಹೋಗುತ್ತಿದ್ದಾರೆ.

ನಮ್ಮಲ್ಲಿ ದೊಡ್ಡ ಯಂತ್ರ ಒಂದೇ. ಅದಕ್ಕೆ ಸರ್ವರ್ ಎನ್ನುತ್ತಾರೆ, ಅದು ಯುನಿಕ್ಸ್ ಜಾತಿಯದು. ಅದರಲ್ಲಿ ಎರಡು ನೆಟ್‌ವರ್ಕ್ ಕಾರ್ಡ್‌ಗಳಿವೆ. ಒಂದರಿಂದ ವೈರ್ ಹಾಲ್‌ಗೆ ಹೋಗುತ್ತದೆ, ಇನ್ನೊಂದರಿಂದ ನಮ್ಮ ಕೋಣೆಗೆ ಬರುತ್ತದೆ. ಬಂಟ್ವಾಳದ ಮನೆಗೆ ಜಗಲಿಯ ಬಾಗಿಲು ಮತ್ತು ಅಡುಗೆಮನೆಯ ಬಾಗಿಲು ಇರುವ ಹಾಗೆ.

ಆ ಯಂತ್ರದೊಳಗೆ ಕೆಲಸದವರ ಹಾಗೆ ಕೆಲವು ಸರ್ವಿಸ್‌ಗಳು ಕಾದು ಕುಳಿತಿರುತ್ತವೆ. ಅದರಲ್ಲೊಂದರ ಹೆಸರು ಫಿಂಗರ್. ಅದು ನಮ್ಮ ಅಡುಗೆಮನೆಯ ಸೇಸಮ್ಮನ ಹಾಗೆ ಎಂದು ತಿಳಿಯಿರಿ. ಒಳಗೆ ಯಾರಿದ್ದಾರೆ, ಯಾವಾಗ ಬಂದರು, ನಿನ್ನೆ ಬಂದಿದ್ದರೋ ಇಲ್ಲವೋ ಎಂದು ಕೇಳಿದರೆ ಹೇಳುತ್ತದೆ. ತಂದೆಯರು ಫೋನ್ ಮಾಡಿದಾಗ ನಾನು ಅದನ್ನೇ ಕೇಳಿ, ಹಾಲ್‌ಗೆ ಹೋಗಿ ಉತ್ತರ ಕೊಡುತ್ತಿದ್ದೆ. ಇನ್ನೊಂದರ ಹೆಸರು ಟಾಕ್. ಒಬ್ಬರು ಬರೆದದ್ದು ಇನ್ನೊಬ್ಬರ ಪರದೆಯಲ್ಲಿ ಬರುತ್ತದೆ. ಹುಡುಗಿಯರಿಗೆ ಪಾಠದಲ್ಲಿ ಸಂಶಯ ಬಂದರೆ ನನಗೆ ಬರೆಯಲೆಂದು ಇಟ್ಟದ್ದು.

ತಪ್ಪು ಇಲ್ಲಿ ಆಗಿದೆ. ಯಾವ ಬಾಗಿಲಿನಲ್ಲಿ ಕೇಳಿದರೆ ಉತ್ತರ ಕೊಡಬೇಕೆಂದು ಹೇಳದಿದ್ದರೆ ಈ ಸರ್ವಿಸ್‌ಗಳು ಎಲ್ಲ ಬಾಗಿಲಿಗೂ ಉತ್ತರ ಕೊಡುತ್ತವೆ. ನಾನು ಹೇಳಿರಲಿಲ್ಲ. ಹಾಲ್‌ನಲ್ಲಿ ಯಾರೋ ಕುಳಿತು ಕೇಳಿದ್ದಾರೆ, ಅದು ಸಜ್ನಾಳ ಹೆಸರು ಹೇಳಿದೆ. ಮೊದಲ ದಿನ ಅವಳ ಪರದೆಯಲ್ಲಿ ಬಂದ ಸಾಲು: ‘ಇವತ್ತು ಬೇಗ ಬಂದಿರಲ್ಲ ಸಜ್ನಾ.’ ಮತ್ತೊಂದು ದಿನ: ‘ನಿನ್ನೆ ಯಾಕೆ ಬರಲಿಲ್ಲ? ಜ್ವರವಾ?’ ಅವಳು ಬರೆದದ್ದು ಒಂದೇ ಸಾಲು, ‘ಯಾರು ನೀವು?’ ಉತ್ತರ ಬರಲಿಲ್ಲ. ಅವಳು ಎದ್ದು ನನ್ನ ಹತ್ತಿರ ಬಂದಳು. ನಾನು ನಿಮಗೆ ಹೇಳಬೇಕೆನ್ನುವಷ್ಟರಲ್ಲಿ ಊರಿಗೆ ಗೊತ್ತಾಗಿತ್ತು. ಅವಳು ಉತ್ತರ ಕೊಟ್ಟಳು ಎಂಬುದನ್ನು ಮಾತ್ರ ಎಲ್ಲರೂ ಹೇಳುತ್ತಿದ್ದಾರೆ. ಏನು ಕೇಳಿದಳು ಎಂದು ಯಾರೂ ಹೇಳುತ್ತಿಲ್ಲ.

ಯಂತ್ರದೊಳಗಿನ ಈ ಸೇಸಮ್ಮನನ್ನು ಕೆಲಸದಿಂದ ಬಿಡಿಸುವುದು ಬೇಡ ಅಜ್ಜಿ. ಬಿಡಿಸಿದರೆ ತಂದೆಯರಿಗೆ ನಾನು ಏನು ಹೇಳಲಿ? ಒಳಗಿನ ಕಾರ್ಡ್‌ಗೆ ಮಾತ್ರ ಉತ್ತರ ಕೊಡು ಎಂದು ಒಂದು ಸಾಲು ಬರೆದರೆ ಸಾಕು. ಅಪ್ಪಣೆ ಕೊಟ್ಟರೆ ಬರೆದು ಯಂತ್ರ ಶುರು ಮಾಡುತ್ತೇನೆ.

ನಿಮ್ಮ
ಶಿಫಾನಾ


ಬಂಟ್ವಾಳ
೨೦ ಅಕ್ಟೋಬರ್ ೨೦೦೧

ಶಿಫಾನಾ,

ನಿನ್ನ ಕಾಗದವನ್ನು ಎರಡು ಸಲ ಓದಿದೆ. ಸೇಸಮ್ಮನಿಗೂ ಓದಿ ಹೇಳಿದೆ. ಅವಳಿಗೆ ಸಿಟ್ಟು ಬಂತು.

‘ನಾನು ಜಗಲಿಗೆ ಯಾವಾಗ ಉತ್ತರ ಕೊಟ್ಟದ್ದು ಅಮ್ಮ? ಮೂವತ್ತು ವರ್ಷ ಆಯ್ತು. ಹೆಂಗಸರು ಉಂಟಾ ಅಂತ ಜಗಲಿಯಲ್ಲಿ ನಿಂತು ಕೇಳಿದವರಿಗೆ ನನ್ನ ಕೆಮ್ಮು ಸಹ ಕೇಳಿಸಲಿಲ್ಲ. ಅಡುಗೆ ಬಾಗಿಲಿಗೆ ಬಂದವರಿಗೆ ಹೇಳಿದ್ದೇನೆ, ಅದು ಸರಿ.’

‘ಅಡುಗೆ ಬಾಗಿಲಿಗೆ ಬಂದವರಿಗೆ ಕೇಳದ್ದನ್ನೂ ಹೇಳಿದ್ದಿ’ ಎಂದೆ.

‘ಅದು ಬೇರೆ ವಿಷಯ. ನಿಮ್ಮ ಮಷೀನಿಗೆ ನನ್ನ ಹೆಸರು ಇಡಬೇಡಿ ಅಂತ ಮಗುವಿಗೆ ಬರೆಯಿರಿ.’

ಬರೆದಿದ್ದೇನೆ.

ಅವಳು ಹೇಳಿದ್ದು ನಿಜ. ಈ ಮನೆಗೆ ಬಂದ ಕೆಲಸದವರಿಗೆಲ್ಲ ನಾನು ಮೊದಲು ಕಲಿಸಿದ್ದು ಅದನ್ನೇ. ಜಗಲಿಯಿಂದ ಬಂದ ಪ್ರಶ್ನೆಗೆ ಒಳಗಿನಿಂದ ಧ್ವನಿ ಹೋಗಬಾರದು. ಗಂಡಸರು ಇಲ್ಲದಿದ್ದರೆ ಕೇಳಿದವನು ಕಾದು ವಾಪಸು ಹೋಗಲಿ. ಕಾಲೇಜು ಓದಿದ ನೀನು ಯಂತ್ರಕ್ಕೆ ಇದನ್ನು ಕಲಿಸದೆ ಕೂರಿಸಿದೆಯಲ್ಲ, ಅದಕ್ಕೆ ನನಗೆ ಸಿಟ್ಟು.

ಆ ಸಾಲು ಬರೆ. ಆದರೆ ಒಂದು ವಿಷಯ ನೋಡು. ನಮ್ಮ ಯಜಮಾನರ ತಮ್ಮ ಒಮ್ಮೆ ಜಗಲಿಯಲ್ಲಿ ನಿಂತು, ‘ನಾನು ಅಡುಗೆ ಬಾಗಿಲಿಗೆ ಬಂದವನೆಂದೇ ತಿಳಿಯಿರಿ’ ಎಂದು ಕೂಗಿ ಒಳಗಿನ ಸುದ್ದಿ ಕೇಳಿದ್ದ. ಹಾಲ್‌ನಲ್ಲಿ ಕುಳಿತವನು ನಿಮ್ಮ ಒಳಗಿನ ಕಾರ್ಡ್‌ನ ಹೆಸರು ಹಿಡಿದು ಕೇಳಿದರೆ ನಿನ್ನ ಯಂತ್ರ ಏನು ಮಾಡುತ್ತದೆ? ಇದನ್ನು ನೋಡದೆ ಯಾವ ಹುಡುಗಿಯನ್ನೂ ಕರೆಯಬೇಡ. ನೋಡಿ ಆದ ಮೇಲೆ ಹೇಳು, ನಾನೇ ಬರುತ್ತೇನೆ.

ನಿನ್ನ ಅಜ್ಜಿ


ಬಂಟ್ವಾಳ
೫ ನವೆಂಬರ್ ೨೦೦೧

ಅಬ್ದುಲ್ ಶುಕೂರ್ ಅವರಿಗೆ,

ನಾನು ಮಡಂತ್ಯಾರಿಗೆ ಹೋಗಿ ಬಂದೆ. ಹಾಲ್‌ನಲ್ಲಿದ್ದ ಗಂಡಸರನ್ನು ಹೊರಗೆ ಕಳಿಸಿ, ಅವರ ಕುರ್ಚಿಯಲ್ಲಿ ನಾನೇ ಕುಳಿತು, ಒಳಗೆ ಯಾರಿದ್ದಾರೆಂದು ಉನೈಸ್‌ನ ಕೈಯಿಂದ ಕೇಳಿಸಿದೆ. ಉತ್ತರ ಬರಲಿಲ್ಲ. ಒಳಗಿನ ಕಾರ್ಡ್‌ನ ನಂಬರ್ ಹಿಡಿದು ಕೇಳಿಸಿದೆ. ಹಾಗೆ ಕೇಳಿದರೆ ಯಂತ್ರ ಮೊದಲು ಉತ್ತರ ಕೊಡುತ್ತಿತ್ತಂತೆ, ಶಿಫಾನಾ ಅದಕ್ಕೂ ಬೇರೆ ತಡೆ ಹಾಕಿದ್ದಾಳೆ. ಆಗಲೂ ಉತ್ತರ ಬರಲಿಲ್ಲ. ಹಿಂದಿನ ಕೋಣೆಗೆ ಹೋಗಿ ಅದೇ ಪ್ರಶ್ನೆ ಕೇಳಿಸಿದಾಗ ಎಲ್ಲ ಹೆಸರುಗಳೂ ಬಂದವು.

ನಿಮ್ಮ ಮಗಳು ಮಾಡಿದ್ದು ‘ಯಾರು ನೀವು’ ಎಂದು ಕೇಳಿದ್ದು ಮಾತ್ರ. ನನ್ನ ಬಾಗಿಲಿಗೆ ಯಾರಾದರೂ ಬಂದರೆ ನಾನೂ ಅದನ್ನೇ ಕೇಳುತ್ತೇನೆ.

ಹಬ್ಬದ ನಂತರ ಅವಳನ್ನು ಕಳಿಸಿ. ಜನವರಿಯಲ್ಲಿ ಅವಳಿಗೆ ಡಿಪ್ಲೊಮಾ ಪರೀಕ್ಷೆಯುಂಟು.

ಮೈಮೂನಮ್ಮ


ಮಡಂತ್ಯಾರು
೨೭ ಡಿಸೆಂಬರ್ ೨೦೦೧

ಪ್ರೀತಿಯ ಅಜ್ಜಿಗೆ ಸಲಾಂ.

ಹೇಗೆ ಬರೆಯಬೇಕೆಂದು ತಿಳಿಯದೆ ಎರಡು ದಿನ ಕಳೆದೆ.

ಸೋಮವಾರ ಸಜ್ನಾ ಬಂದಳು. ಅವಳ ಉಮ್ಮ ಸೌದಾ ಅವರು ಓಣಿಯವರೆಗೆ ಬಂದು ಬಿಟ್ಟು ಹೋದರು. ಹುಡುಗಿಯರೆಲ್ಲ ಅವಳ ಸುತ್ತ ಕುಳಿತರು, ಹಬ್ಬದ ತಿಂಡಿ ತಂದಿದ್ದರು. ಮಂಗಳವಾರ ಮಧ್ಯಾಹ್ನ ಅವಳ ಪರದೆಯಲ್ಲಿ ಸಾಲು ಬಂತು: ‘ಇಷ್ಟು ದಿನ ಎಲ್ಲಿಗೆ ಹೋಗಿದ್ದಿರಿ?’

ಅವಳು ಈ ಸಲ ಏನೂ ಬರೆಯಲಿಲ್ಲ. ಪುಸ್ತಕ ತೆಗೆದುಕೊಂಡು ಹೊರಟುಹೋದಳು. ಬುಧವಾರ ಬರಲಿಲ್ಲ.

ನಾನು ಸರ್ವರ್ ತೆರೆದು ನೋಡಿದೆ. ಒಳಗಿನ ಕಾರ್ಡ್‌ಗೆ ಮಾತ್ರ ಎಂದು ಬರೆದ ಸಾಲು ಅಲ್ಲಿ ಇರಲಿಲ್ಲ. ತಡೆಯನ್ನೂ ತೆಗೆದಿದ್ದರು. ಅದು ತಾನಾಗಿ ಅಳಿಸಿಹೋಗುವಂಥದ್ದಲ್ಲ. ಸರ್ವರ್‌ನ ಪಾಸ್‌ವರ್ಡ್ ಬೇಕು. ಪಾಸ್‌ವರ್ಡ್ ಇರುವುದು ಇಬ್ಬರ ಹತ್ತಿರ. ಒಬ್ಬಳು ನಾನು.

ಇದಕ್ಕಿಂತ ಹೆಚ್ಚು ನಾನು ಬರೆಯುವುದಿಲ್ಲ ಅಜ್ಜಿ. ನೀವು ನನ್ನನ್ನೇ ಬೈದರೂ ಸರಿ.

ಶಿಫಾನಾ


ಬಂಟ್ವಾಳ
೨ ಜನವರಿ ೨೦೦೨

ಶಿಫಾನಾ,

ನೀನು ಬರೆಯದೆ ಬಿಟ್ಟದ್ದನ್ನು ನಾನು ಓದಿಕೊಂಡೆ.

ಉನೈಸ್ ದಿನಾ ಸಂಜೆ ಬಸ್ಸಿಳಿದು ಬಂದು ನನ್ನ ಎದುರಿನಲ್ಲೇ ಊಟಕ್ಕೆ ಕೂರುತ್ತಾನೆ. ಅವನಿಗೆ ಅಕ್ಕಿ ರೊಟ್ಟಿ ಹರಿದು ಸಾರಿನಲ್ಲಿ ನೆನೆಸಿ ಕೊಟ್ಟ ಕೈ ಇದು. ತಂದೆ ತಾಯಿ ದುಬಾಯಿಯಲ್ಲಿ, ಹುಡುಗ ನನ್ನ ಹತ್ತಿರವೇ ಬೆಳೆದ. ನಿನ್ನೆ ಬಡಿಸಿ ಆದ ಮೇಲೆ ಕೇಳಿದೆ.

‘ಉನೈಸ್, ಆ ಸಾಲು ಯಾಕೆ ತೆಗೆದದ್ದು?’

‘ಯಾವ ಸಾಲು ಅಜ್ಜಿ?’

‘ನನಗೆ ಕಂಪ್ಯೂಟರ್ ಓದಲಿಕ್ಕೆ ಬರುವುದಿಲ್ಲ. ನಿನ್ನ ಮುಖ ಓದಲಿಕ್ಕೆ ಬರ್ತದೆ.’

ಅವನು ನಕ್ಕ. ‘ಶಿಫಾನಾ ಚಾಡಿ ಹೇಳಿದಳಾ? ಅವಳಿಗೆ ನನ್ನನ್ನು ಕಂಡರೆ ಆಗುವುದಿಲ್ಲ. ಸರ್ವರ್ ಅವಳ ಸ್ವಂತದ್ದೆಂಬ ಹಾಗೆ ಮಾಡ್ತಾಳೆ.’

‘ಅವಳು ನಿನ್ನ ಹೆಸರು ಬರೆಯಲಿಲ್ಲ. ನಾನೇ ಕೇಳ್ತಿದ್ದೇನೆ. ನೀನು ತೆಗೆದದ್ದಾ ಅಲ್ವಾ?’

ರೊಟ್ಟಿ ಮುರಿಯುತ್ತಿದ್ದವನು ನಿಲ್ಲಿಸಿದ. ‘ತೆಗೆದೆ. ಎಂತ ಆಯ್ತು ಈಗ? ನಾನು ಕೆಟ್ಟ ಮಾತು ಬರೆದಿದ್ದೇನಾ? ಜ್ವರವಾ ಅಂತ ಕೇಳಿದೆ. ಅದು ತಪ್ಪಾ? ಪಕ್ಕದಲ್ಲಿ ಕೂತವನು ಇಣುಕಿ ನೋಡಿ, ನನ್ನ ಹೆಸರು ಬಿಟ್ಟು ಪುಂಜಾಲಕಟ್ಟೆಗೆ ಸುದ್ದಿ ಮುಟ್ಟಿಸಿದ, ಅದಕ್ಕೆ ನಾನು ಎಂತ ಮಾಡ್ಲಿ?’

‘ಅವಳು ಯಾರು ನೀವು ಅಂತ ಕೇಳಿದಳಲ್ಲ. ಹೆಸರು ಯಾಕೆ ಹೇಳಲಿಲ್ಲ?’

‘ಹೇಳಿದ್ರೆ ಅವಳು ಮಾತಾಡ್ತಿರಲಿಲ್ಲ.’

‘ಹಾಗಾದರೆ ತಪ್ಪೆಂದು ನಿನಗೆ ಗೊತ್ತಿತ್ತು.’

ಅವನು ತಟ್ಟೆ ಬದಿಗೆ ಸರಿಸಿದ. ಆಮೇಲೆ ಮೆಲ್ಲನೆ, ‘ನನಗೆ ಅವಳನ್ನು ಮದುವೆ ಮಾಡಿಸಿ ಅಜ್ಜಿ. ಎಲ್ಲ ಸರಿ ಆಗ್ತದೆ’ ಎಂದ.

ನಾನು ಎದ್ದು ಒಳಗೆ ಹೋದೆ. ನನ್ನ ತಟ್ಟೆಯನ್ನು ಸೇಸಮ್ಮ ಮುಚ್ಚಿಟ್ಟಳು.

ಇವತ್ತು ನಾಸಿರ್‌ನ ಫೋನ್ ಬಂತು. ಮಗ ಮೊದಲೇ ಹೇಳಿಕೊಂಡಿದ್ದಾನೆ. ‘ಪ್ರಾಯದ ಹುಡುಗ ಉಮ್ಮ, ತಮಾಷೆ ಮಾಡಿದ. ಆ ಹಿಂದಿನ ಕೋಣೆ ಮುಚ್ಚಿಬಿಡಿ, ಯಾರಿಗೂ ತೊಂದರೆ ಇಲ್ಲ. ಇಲ್ಲದಿದ್ದರೆ ನಿಕಾಹ್ ಮಾಡಿಸುವ’ ಎಂದ. ನಾನು ಫೋನ್ ಇಟ್ಟೆ. ಎಲ್ಲರಿಗೂ ಸುಲಭವಾದ ದಾರಿಗಳು ಗೊತ್ತಿವೆ, ಮತ್ತು ಎರಡರಲ್ಲೂ ಹೋಗಬೇಕಾದವಳು ಆ ಹುಡುಗಿ.

ಪಾಸ್‌ವರ್ಡ್ ಇವತ್ತೇ ಬದಲಾಯಿಸು. ನನಗೂ ಹೇಳಬೇಡ.

ಅಜ್ಜಿ


ಪುಂಜಾಲಕಟ್ಟೆ
೧೨ ಜನವರಿ ೨೦೦೨

ಗೌರವಾನ್ವಿತ ಮೈಮೂನಮ್ಮನವರಿಗೆ,

ವ ಅಲೈಕುಮುಸ್ಸಲಾಂ. ತಮ್ಮ ಹಿಂದಿನ ಎರಡು ಪತ್ರಗಳಿಗೆ ಉತ್ತರ ಬರೆಯದೆ ತಪ್ಪು ಮಾಡಿದೆ, ಕ್ಷಮಿಸಬೇಕು.

ನಾಸಿರ್ ಅವರು ದುಬಾಯಿಯಿಂದ ಫೋನ್ ಮಾಡಿದ್ದರು. ಬರೆದದ್ದು ತಮ್ಮ ಮೊಮ್ಮಗನೇ ಎಂದು ತಿಳಿದು ನಮ್ಮ ಮನಸ್ಸು ಹಗುರವಾಯಿತು. ಯಾರೋ ಬೀದಿಯ ಹುಡುಗ ಎಂದುಕೊಂಡಿದ್ದೆವು. ತಮ್ಮಂಥ ಮನೆತನದಿಂದ ಸಂಬಂಧ ಬರುವುದಾದರೆ ನಮಗೆ ಬೇರೆ ಯಾವ ದೂರೂ ಇಲ್ಲ. ಊರಿನ ಬಾಯಿಯೂ ಮುಚ್ಚುತ್ತದೆ. ಮೊದಲು ಬಂದಿದ್ದ ಸಂಬಂಧಕ್ಕೆ ಬೇಡವೆಂದು ಹೇಳಿ ಕಳಿಸಿದ್ದೇನೆ. ಹುಡುಗಿಗೆ ಇನ್ನು ಕ್ಲಾಸಿನ ಅಗತ್ಯವಿಲ್ಲ. ಅವಳನ್ನು ಕೇಳುವುದೇನಿದೆ, ನಾವು ಹೇಳಿದಂತೆ ಕೇಳುವ ಮಗಳು.

ತಾವು ದಿನ ಗೊತ್ತು ಮಾಡಿ ತಿಳಿಸಬೇಕು. ನಾನು ಬರುವ ಶನಿವಾರ ಸರಕಿಗೆ ಮಂಗಳೂರಿಗೆ ಹೋಗುವವನಿದ್ದೇನೆ. ಅಲ್ಲಿಂದ ಕಾಸರಗೋಡಿನ ತಂಗಿಯ ಮನೆಗೆ ಹೋಗಿ ಬುಧವಾರ ಬರುತ್ತೇನೆ.

ತಮ್ಮ ವಿಶ್ವಾಸಿ
ಅಬ್ದುಲ್ ಶುಕೂರ್


ಮಡಂತ್ಯಾರು
೨೨ ಜನವರಿ ೨೦೦೨

ಅಬ್ದುಲ್ ಶುಕೂರ್ ಅವರಿಗೆ,

ನಿಮ್ಮ ಪತ್ರ ತಲುಪಿತು. ಸಂಬಂಧ ಆಗುವುದಿಲ್ಲ. ಬೇಡವೆಂದು ಹೇಳುತ್ತಿರುವವಳು ನಾನು, ಹುಡುಗನ ಮನೆಯವಳು. ಈ ಮಾತು ನಿಮ್ಮ ಮಗಳ ಮೇಲೆ ಬರಬಾರದೆಂದು ನಾನು ಮಾಡಿದ್ದನ್ನೆಲ್ಲ ಬರೆಯುತ್ತೇನೆ.

ಶನಿವಾರ ನೀವು ಮಂಗಳೂರಿಗೆ ಹೋದ ಮೇಲೆ ನಾನು ನಿಮ್ಮ ಅಂಗಡಿಗೆ ಹೋದೆ. ನೀವು ಇಲ್ಲದ ದಿನವನ್ನೇ ಹುಡುಕಿ ಹೋದೆ. ಸಾಮಾನಿಗೆ ನಿಂತವರಿದ್ದರು, ಕಟ್ಟೆಯಲ್ಲಿ ಪೇಪರ್ ಓದುವವರಿದ್ದರು, ಲೆಕ್ಕದ ಮೇಜಿನಲ್ಲಿ ನಿಮ್ಮ ತಮ್ಮ ಬದ್ರುದ್ದೀನ್ ಇದ್ದರು. ಮಾತು ಹಬ್ಬಿದ್ದು ಅಲ್ಲಿಂದ. ಅದಕ್ಕೇ ಅಲ್ಲೇ ನಿಂತು ಹೇಳಿದೆ. ಸಜ್ನಾಳಿಗೆ ಕದ್ದು ಬರೆದವನು ನನ್ನ ಮಗ ಅಬ್ದುಲ್ ನಾಸಿರ್‌ನ ಮಗ ಉನೈಸ್. ಹಾಕಿದ ಬಾಗಿಲನ್ನು ಮತ್ತೆ ತೆರೆದವನೂ ಅವನೇ. ಹುಡುಗಿ ಯಾರೆಂದು ಕೇಳಿದಳು, ಅವನಿಗೆ ಹೆಸರು ಹೇಳುವ ಧೈರ್ಯ ಇರಲಿಲ್ಲ. ಇನ್ನು ಈ ಕಟ್ಟೆಯಲ್ಲಿ ಮಾತಾಡುವುದಾದರೆ ನಮ್ಮ ಮನೆಯ ಹೆಸರು ಹಿಡಿದು ಮಾತಾಡಿ.

ಬದ್ರುದ್ದೀನ್ ಎದ್ದು ನಿಂತು, ‘ಕೂತ್ಕೊಳ್ಳಿ ಮೈಮೂನಮ್ಮ, ಇದೆಲ್ಲ ಇಲ್ಲಿ ಹೇಳುವ ಮಾತಾ?’ ಎಂದರು. ಹುಡುಗಿಯ ವಿಷಯ ಇಲ್ಲಿ ಆಡಬಹುದಾದರೆ ಹುಡುಗನದ್ದೂ ಆಡಬಹುದು ಎಂದೆ. ಪೇಪರ್ ಓದುತ್ತಿದ್ದವರಲ್ಲಿ ಒಬ್ಬರು ಪೇಪರ್ ಮಡಚಿಟ್ಟು ಎದ್ದು ಹೋದರು. ನಾನು ಕೂರಲಿಲ್ಲ.

ಆಮೇಲೆ ಪಕ್ಕದ ಬಾಗಿಲಿನಿಂದ ನಿಮ್ಮ ಮನೆಯೊಳಗೆ ಹೋದೆ. ಸೌದಾ ಚಹಾ ಕೊಟ್ಟರು. ಸಜ್ನಾಳನ್ನು ಎದುರು ಕೂರಿಸಿ, ಉನೈಸ್‌ನನ್ನು ಮದುವೆಯಾಗಲು ಮನಸ್ಸು ಉಂಟಾ ಎಂದು ಕೇಳಿದೆ. ಅವಳು ಉಮ್ಮನ ಮುಖ ನೋಡಿದಳು. ಸೌದಾ ನೆಲ ನೋಡಿದರು.

‘ನಾನು ಎಷ್ಟು ಹೊತ್ತಿಗೆ ಬರ್ತೇನೆ, ಎಷ್ಟು ಹೊತ್ತಿಗೆ ಹೋಗ್ತೇನೆ ಅಂತ ಲೆಕ್ಕ ಇಟ್ಟವರು ಅವರು’ ಎಂದಳು ನಿಮ್ಮ ಮಗಳು. ‘ನಾಳೆ ಮನೆಯಲ್ಲಿಯೂ ಇಡ್ತಾರೆ. ನನಗೆ ಹೆದರಿಕೆ ಆಗ್ತದೆ ಅಜ್ಜಿ.’

ನೀವು ಹೇಳಿದಂತೆ ಕೇಳುವ ಮಗಳೇ. ಆದರೆ ಕೇಳಿದರೆ ಉತ್ತರ ಅವಳ ಹತ್ತಿರ ಇತ್ತು.

ಉನೈಸ್ ಈಗ ಮೂಡುಬಿದಿರೆಯ ಡಿಪೋದಲ್ಲಿ ಇದ್ದಾನೆ. ಅಲ್ಲಿಯ ಮೇಸ್ತ್ರಿ ರುಕ್ಮಯ್ಯ ಹೇಳಿದಂತೆ ಮರ ಇಳಿಸುತ್ತಾನೆ. ಊಟ ಕೂಲಿಯವರ ಜೊತೆ. ಹೋಗುವಾಗ ನನ್ನ ಕಾಲು ಹಿಡಿದ. ತಲೆ ಮುಟ್ಟಿದೆ. ನಿರ್ಧಾರ ಬದಲಾಯಿಸಲಿಲ್ಲ. ನಾಸಿರ್ ಅದರ ನಂತರ ಫೋನ್ ಮಾಡಿಲ್ಲ.

ಮಡಂತ್ಯಾರಿನಲ್ಲಿ ಕೋಣೆಗಳನ್ನು ಅದಲು ಬದಲು ಮಾಡಿಸಿದ್ದೇನೆ. ರಸ್ತೆಯ ಕಡೆಯ ಹಾಲ್ ಈಗ ಹೆಣ್ಣುಮಕ್ಕಳದ್ದು. ಅವರು ಎಲ್ಲರೂ ನೋಡುವ ಹಾಗೆ ಮುಂದಿನ ಬಾಗಿಲಿನಿಂದ ಬರುತ್ತಾರೆ, ಹೋಗುತ್ತಾರೆ. ಗಂಡಸರು ಓಣಿಯಿಂದ ಹಿಂದಿನ ಕೋಣೆಗೆ ಹೋಗಲಿ. ಬೇಡವಾದವರು ಬೆಳ್ತಂಗಡಿಗೆ ಹೋಗಲಿ. ಸರ್ವರ್ ಮತ್ತು ಫೋನ್ ಶಿಫಾನಾಳ ಮೇಜಿನ ಹತ್ತಿರ ಇವೆ, ಪಾಸ್‌ವರ್ಡ್ ಅವಳೊಬ್ಬಳದ್ದು. ಗಂಡಸರ ವೈರಿನಿಂದ ಬಂದ ಯಾವ ಪ್ರಶ್ನೆಗೂ ಯಂತ್ರ ಹೆಣ್ಣುಮಕ್ಕಳ ಹೆಸರು ಹೇಳುವುದಿಲ್ಲ. ನಿಮಗೆ ಮಗಳ ವಿಷಯ ತಿಳಿಯಬೇಕಾದರೆ ಬನ್ನಿ, ಬಾಗಿಲಲ್ಲಿ ನಿಂತು ನಿಮ್ಮ ಹೆಸರು ಹೇಳಿ, ಶಿಫಾನಾಳನ್ನು ಕೇಳಿ.

ಸೌದಾ ನಿನ್ನೆ ಮಗಳನ್ನು ಕಳಿಸಿದರು. ನೀವು ಊರಿಗೆ ಬಂದು ಅವಳನ್ನು ಮತ್ತೆ ಬಿಡಿಸಬಹುದು, ಅದು ತಂದೆಯ ಅಧಿಕಾರ. ಆದರೆ ಈ ಸಲ ಕಾರಣ ಕೇಳಿದರೆ ಯಾರೂ ನನ್ನ ಕಟ್ಟಡದ ಕಡೆ ಕೈ ತೋರಿಸುವುದಿಲ್ಲ.

ಅವಳು ಮುಂದಿನ ಬಾಗಿಲಿನಿಂದ ಬಂದು ಕುಳಿತಳು. ನಾನು ಅವಳ ಹಿಂದೆ ಕುರ್ಚಿ ಹಾಕಿಸಿಕೊಂಡು ಸಂಜೆಯವರೆಗೆ ಕುಳಿತಿದ್ದೆ. ಅವಳು ಹೊಡೆದ ಅಕ್ಷರ ಬಿಟ್ಟರೆ ಆ ಪರದೆಯಲ್ಲಿ ಬೇರೆ ಒಂದಕ್ಷರವೂ ಬರಲಿಲ್ಲ.

ಮೈಮೂನಮ್ಮ